ನಿಶ್ಶಬ್ದದ ಪ್ರತಿಯೋಗಿ ಯಾವುದು? ಕಾರಿನ ಶಬ್ದನಿರೋಧವೂ ಅಭಾವದ ವಿಚಾರವೂ

ಕಾರಿನೊಳಗಿನ ಸದ್ದನ್ನು ತಗ್ಗಿಸಬೇಕೆಂದು ಹೊರಟವರು ಕೊನೆಗೆ ಅಂಗಡಿಯಿಂದ ತರುವುದು ತೂಕವನ್ನು. ಬ್ಯೂಟೈಲ್ ರಬ್ಬರಿನ ಹಾಳೆ, ಅದರ ಬೆನ್ನಿಗಂಟಿದ ಅಲ್ಯೂಮಿನಿಯಂ ಪದರ, ಫೋಮು, ಒತ್ತಿ ಮಾಡಿದ ದಪ್ಪ ಬಟ್ಟೆ, ಬಾಗಿಲಂಚಿಗೆ ಕೂರಿಸುವ ರಬ್ಬರ್ ಬೀಡಿಂಗು ಇವೆಲ್ಲ ಮುಟ್ಟಬಹುದಾದ, ತಕ್ಕಡಿಯಲ್ಲಿಟ್ಟು ತೂಗಬಹುದಾದ ವಸ್ತುಗಳು; ಇವುಗಳಿಂದ ದೊರೆಯಬೇಕಾದ ನಿಶ್ಶಬ್ದವಾದರೋ ಮುಟ್ಟಲು ಸಿಗದ್ದು, ತಕ್ಕಡಿಗೆ ಬಾರದ್ದು. ಇರುವ ವಸ್ತುಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋದರೆ ಇಲ್ಲದಿರುವಿಕೆಯೊಂದು ಲಭಿಸುತ್ತದೆ ಎಂಬ ಈ ವ್ಯವಹಾರದ ಅಡಿಯಲ್ಲಿ ಭಾರತೀಯ ದರ್ಶನಗಳು ಸಾವಿರ ವರ್ಷಕ್ಕೂ ಮಿಕ್ಕಿ ಜಗಳವಾಡಿದ ಪ್ರಶ್ನೆಯೊಂದು ಮಲಗಿದೆ. ಅಭಾವವೆಂಬುದು, ಎಂದರೆ ಒಂದು ವಸ್ತು ಇಲ್ಲದಿರುವುದು, ತಾನೇ ಒಂದು ಪದಾರ್ಥವೇ, ಅಥವಾ ಬರಿಯ ಮಾತೇ? ಪದಾರ್ಥವೇ ಆದರೆ ಅದು ತಿಳಿಯುವುದು ಯಾವ ಪ್ರಮಾಣದಿಂದ, ಎಂದರೆ ಯಾವ ಜ್ಞಾನಸಾಧನದಿಂದ? ಕಾರಿಗೆ ಯಾವ ಹಾಳೆ ಒಳ್ಳೆಯದೆಂಬ ಲೌಕಿಕ ವಿಚಾರಕ್ಕೆ ಈ ಶಾಸ್ತ್ರಚರ್ಚೆ ಅತಿಯಾಯಿತೆಂದು ತೋರಬಹುದಾದರೂ, ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ತರ್ಕಶಾಸ್ತ್ರದ ಒಣ ಪರಿಭಾಷೆಯೇ ತಗಡಿನ ಕೆಲಸಕ್ಕೆ ಹೆಚ್ಚು ಹತ್ತಿರವಾಗಿದೆಯೆಂಬುದು ಕಂಡುಬರುತ್ತದೆ.

ವೈಶೇಷಿಕ ಸೂತ್ರಗಳನ್ನು ಆಧರಿಸಿ ಗ್ರಂಥ ರಚಿಸಿದ ಪ್ರಶಸ್ತಪಾದನು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರೇ ಪದಾರ್ಥಗಳನ್ನು ಎಣಿಸಿದನು. ಅಭಾವವು ಏಳನೆಯದಾಗಿ ಪಟ್ಟಿಗೆ ಸೇರಿದ್ದು ಅನಂತರದ ಆಚಾರ್ಯರ ಕೈಯಲ್ಲಿ. ಶಿವಾದಿತ್ಯನ ಗ್ರಂಥವಂತೂ 'ಸಪ್ತಪದಾರ್ಥೀ' ಎಂಬ ಹೆಸರಿನಲ್ಲೇ ಆ ಏಳನ್ನು ಸಾರಿಕೊಂಡಿತು. ನ್ಯಾಯದರ್ಶನದವರಾದ ನೈಯಾಯಿಕರು ಅಭಾವವನ್ನು ಒಪ್ಪಿದರಾದರೂ ಎರಡು ಷರತ್ತುಗಳನ್ನು ಹಾಕಿ ಒಪ್ಪಿದರು. ಯಾವುದು ಇಲ್ಲವೋ ಅದನ್ನು ಹೆಸರಿಸಬೇಕು. ಅದಕ್ಕೆ ಪ್ರತಿಯೋಗಿಯೆಂದು ಹೆಸರು. ಎಲ್ಲಿ ಇಲ್ಲವೋ ಆ ಎಡೆಯನ್ನೂ ಹೆಸರಿಸಬೇಕು. ಅದಕ್ಕೆ ಅಧಿಕರಣವೆಂದು ಹೆಸರು. ನೆಲದ ಮೇಲೆ ಗಡಿಗೆಯಿಲ್ಲ ಎಂಬ ಮಾತಿನಲ್ಲಿ ಗಡಿಗೆ ಪ್ರತಿಯೋಗಿ, ನೆಲ ಅಧಿಕರಣ. ಇವೆರಡರಲ್ಲಿ ಒಂದನ್ನು ಕೈಬಿಟ್ಟರೂ 'ಇಲ್ಲ' ಎಂಬ ಮಾತು ಯಾವುದನ್ನೂ ತಿಳಿಸದು. ಹೀಗೆ ನೋಡಿದರೆ ನಿಶ್ಶಬ್ದವೆಂಬ ಒಂದೇ ಒಂದು ವಸ್ತು ಲೋಕದಲ್ಲಿಲ್ಲ. ಇರುವುದು ಇಂಥ ಶಬ್ದದ, ಇಂಥ ಎಡೆಯಲ್ಲಿನ ಅಭಾವಗಳು ಮಾತ್ರ. 'ಗಾಡಿ ಸೈಲೆಂಟ್ ಆಗಬೇಕು' ಎಂದು ಬಂದ ಗಿರಾಕಿಗೆ ಅನುಭವಸ್ಥ ಕೆಲಸಗಾರನು ಮೊದಲು ಕೇಳುವುದೂ ಇದನ್ನೇ: ಯಾವ ಸೌಂಡು, ಎಲ್ಲಿಂದ? ಪ್ರತಿಯೋಗಿಯನ್ನೂ ಅಧಿಕರಣವನ್ನೂ ಕೇಳದೆ ಹಾಳೆ ಅಂಟಿಸುವವನು ಕೆಟ್ಟ ಕೆಲಸಗಾರನಷ್ಟೇ ಅಲ್ಲ, ಕೆಟ್ಟ ತಾರ್ಕಿಕನೂ ಹೌದು.

ಪ್ರತಿಯೋಗಿಯನ್ನು ಹೆಸರಿಸಬೇಕಾದರೆ ಶಬ್ದ ಹುಟ್ಟುವ ಬಗೆ ತಿಳಿದಿರಬೇಕು. ವೈಶೇಷಿಕರ ಪ್ರಕಾರ ಶಬ್ದವು ಆಕಾಶವೆಂಬ ದ್ರವ್ಯದ ಗುಣ, ಮತ್ತು ಅದು ಮೂರು ರೀತಿಯಲ್ಲಿ ಹುಟ್ಟುತ್ತದೆ. ಭೇರಿಗೆ ಕೋಲು ತಾಗಿದಾಗ ಹುಟ್ಟುವುದು ಸಂಯೋಗಜ, ಬಿದಿರು ಸೀಳಿದಾಗ ಹುಟ್ಟುವುದು ವಿಭಾಗಜ, ಹೀಗೆ ಹುಟ್ಟಿದ ಶಬ್ದವು ಮುಂದಿನ ಶಬ್ದವನ್ನು ಹುಟ್ಟಿಸುತ್ತ ಹೋಗುವುದು ಶಬ್ದಜ. ಕೊಳದಲ್ಲಿ ತೆರೆಯಿಂದ ತೆರೆ ಏಳುವಂತೆ ಅದು ಹರಡುತ್ತದೆಂದು ಕೆಲವರು ವೀಚೀತರಂಗ ನ್ಯಾಯವನ್ನು ಹೇಳಿದರೆ, ಮತ್ತೆ ಕೆಲವರು ಕದಂಬದ ಮೊಗ್ಗು ಎಲ್ಲ ಮಗ್ಗುಲಿಗೂ ಒಮ್ಮೆಗೇ ಬಿರಿಯುವಂತೆ ಎಂದು ಕದಂಬಮುಕುಲ ನ್ಯಾಯವನ್ನು ಹೇಳಿದರು. ಹೆದ್ದಾರಿಯಲ್ಲಿ ಓಡುವ ಕಾರಿನೊಳಗೆ ಕುಳಿತವನ ಕಿವಿಗೆ ಬೀಳುವುದೂ ಹೆಚ್ಚುಕಡಿಮೆ ಇವೇ ಮೂರು. ಟೈರಿಗೂ ಜಲ್ಲಿಯ ಮೈಗೂ ಆಗುವ ತಾಗಾಟದಿಂದ ಏಳುವ ಮೊರೆತ ಮೊದಲನೆಯದು; ಕನ್ನಡಿಯ ಮಗ್ಗುಲಲ್ಲಿ, ಗಾಜಿನ ಕಂಬದ ಅಂಚಿನಲ್ಲಿ ಗಾಳಿಯು ಮೈಬಿಟ್ಟು ಹರಿದುಹೋಗುವಾಗ ಏಳುವ ಸುಯ್ಲು ಎರಡನೆಯದು; ಈ ಎರಡರಿಂದಲೂ ನಡುಗಿದ ಬಾಗಿಲ ತಗಡು, ಚಾವಣಿ, ಡಿಕ್ಕಿಯ ನೆಲ ತಾವೇ ಬಾರಿಸತೊಡಗುವುದು ಮೂರನೆಯದು. ಆಕಾಶದ ಗುಣವೆಂಬ ಸಿದ್ಧಾಂತವನ್ನು ಇಂದಿನ ಭೌತವಿಜ್ಞಾನ ಒಪ್ಪದು, ಶಬ್ದಕ್ಕೆ ಗಾಳಿಯೋ ನೀರೋ ಲೋಹವೋ ಬೇಕು. ಆದರೆ ಹುಟ್ಟಿನ ಈ ವಿಂಗಡಣೆ ಮಾತ್ರ ಕೆಲಸಕ್ಕೆ ಬರುವಂಥದು, ಏಕೆಂದರೆ ಮೂರಕ್ಕೂ ಮದ್ದು ಬೇರೆ ಬೇರೆ.

ಮೂರನೆಯದರ ಮದ್ದನ್ನು ಹತ್ತಿರದಿಂದ ನೋಡುವುದು ಸುಲಭ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬೀದಿಗಳಲ್ಲಿ, ಅಂಗಡಿಯ ಮುಂದೆ ರಸ್ತೆಯಂಚಿಗೇ ನಿಲ್ಲಿಸಿದ ಕಾರಿನ ಬಾಗಿಲಿಂದ ಸ್ಕ್ರೂಗಳನ್ನು ಬಿಚ್ಚಿ, ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ ಡೋರ್ ಪ್ಯಾಡನ್ನು ಕಳಚಿದ ಮೇಲೆ, ಒಳಗೆ ಕಾಣುವುದು ಒಂದು ಪ್ಲಾಸ್ಟಿಕ್ ಹಾಳೆ, ಅದರಾಚೆ ಹೊರಮೈಯ ಬರಿಯ ತಗಡು. ಬೆರಳಿನ ಗೆಣ್ಣಿನಿಂದ ಅದನ್ನು ತಟ್ಟಿದರೆ ಖಾಲಿ ಡಬ್ಬದಂತೆ ಟಣ್ ಎನ್ನುತ್ತದೆ. ಕೆಲಸಗಾರನು ಧೂಳನ್ನೂ ಜಿಡ್ಡನ್ನೂ ಒರೆಸಿ, ಬ್ಯೂಟೈಲ್ ಹಾಳೆಯ ತುಂಡನ್ನು ತಗಡಿನ ನಡುವಿಗೆ ಒತ್ತಿ, ಪುಟ್ಟ ರೋಲರನ್ನು ಮೈಭಾರ ಬಿಟ್ಟು ಉರುಳಿಸುತ್ತಾನೆ. ಅಲ್ಯೂಮಿನಿಯಂ ಮೇಲಿನ ಉಬ್ಬುಗೆರೆಗಳು ಚಪ್ಪಟೆಯಾದರೆ ಹಾಳೆ ಸರಿಯಾಗಿ ಕಚ್ಚಿಕೊಂಡಿತೆಂದು ಲೆಕ್ಕ. ಆ ಅಲ್ಯೂಮಿನಿಯಂ ಪದರದ ಅಂಚು ಎಷ್ಟು ಹರಿತವೆಂದರೆ ಈ ಕೆಲಸ ಮಾಡುವವರ ಬೆರಳುಗಳಲ್ಲಿ ಸಣ್ಣ ಗೀರುಗಳು ಮಾಯುವುದೇ ಅಪರೂಪ. ಮತ್ತೆ ತಟ್ಟಿದಾಗ ಅದೇ ತಗಡು ದಪ್ ಎಂದು ಅಲ್ಲಿಗೇ ನಿಲ್ಲುತ್ತದೆ. ಆಗಿರುವುದಿಷ್ಟು: ಉಕ್ಕಿಗೂ ಅಲ್ಯೂಮಿನಿಯಂಗೂ ನಡುವೆ ಸಿಕ್ಕಿದ ಜಿಗುಟಾದ ರಬ್ಬರು ಪ್ರತಿ ಕಂಪನಕ್ಕೂ ಎಳೆದಾಡಲ್ಪಟ್ಟು, ಆ ಕಂಪನದ ಶಕ್ತಿಯನ್ನು ಅತ್ಯಲ್ಪ ಶಾಖವನ್ನಾಗಿ ಮಾಡಿ ಕಳೆದುಬಿಡುತ್ತದೆ. ಇಡೀ ತಗಡನ್ನು ಮುಚ್ಚಬೇಕೆಂದೇನೂ ಇಲ್ಲ. ನಡುಭಾಗದಲ್ಲಿ ಕಾಲುಪಾಲು ಮುಚ್ಚಿದರೂ ಬಹುಪಾಲು ಕೆಲಸವಾಗುತ್ತದೆ, ಉಳಿದದ್ದು ಹೆಚ್ಚಾಗಿ ಅಂಗಡಿಯವನ ಲಾಭಕ್ಕೆ. ಅಗ್ಗವೆಂದು ಕೊಳ್ಳುವ ಟಾರಿನ ಹಾಳೆಯಾದರೆ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮೆತ್ತಗಾಗಿ ವಾಸನೆ ಬಿಡುತ್ತದೆ, ಕೆಲವೊಮ್ಮೆ ಜಾರಿಯೂ ಬೀಳುತ್ತದೆ.

ಕನ್ನಡನಾಡಿಗೆ ಈ ವಿದ್ಯೆ ಹೊಸತಲ್ಲ. ಕಛೇರಿಗೆ ಕೂರುವ ಮುನ್ನ ಮೃದಂಗದ ಎಡಭಾಗದ ಚರ್ಮಕ್ಕೆ ರವೆಯ ಹಿಟ್ಟನ್ನು ನಾದಿ ಮೆತ್ತುವುದು, ಕಛೇರಿ ಮುಗಿದ ಮೇಲೆ ಅದನ್ನು ಕೆರೆದು ತೆಗೆಯುವುದು, ಬಲಭಾಗದ ನಡುವೆ ಕಪ್ಪು ಕರಣೆಯನ್ನು ಪದರ ಪದರವಾಗಿ ಉಜ್ಜಿ ಕೂರಿಸುವುದು ಇವೆಲ್ಲ ನಡುಗುವ ಪೊರೆಯ ಮೇಲೆ ಹಿಡಿದು ಹೇರಿದ ತೂಕವೇ. ಹೀಗೆ ಭಾರ ಹೇರಿದ ಪೊರೆಯು ತಂತಿವಾದ್ಯದಂತೆ ಒಂದಕ್ಕೊಂದು ಹೊಂದುವ ಉಪಸ್ವರಗಳನ್ನು ಹೊಮ್ಮಿಸುವುದನ್ನು ಸಿ.ವಿ. ರಾಮನ್ ವಿವರಿಸಿದರು; ಭಾರತೀಯ ಚರ್ಮವಾದ್ಯಗಳನ್ನು ಕುರಿತ ಅವರ ವಿಸ್ತಾರವಾದ ಲೇಖನ 1934ರಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾಗ, ಪ್ರಕಟವಾಯಿತು. ಮೃದಂಗದವನು ತೂಕ ಹೇರುವುದು ಬೇಡದ ಸ್ವರವನ್ನು ಕಳೆದು ಬೇಕಾದುದನ್ನು ಉಳಿಸಲಿಕ್ಕೆ. ಕಾರಿನವನು ಹೇರುವುದು ಎಲ್ಲವನ್ನೂ ಕಳೆಯಲಿಕ್ಕೆ. ಎಲ್ಲವನ್ನೂ ಕಳೆಯುತ್ತೇನೆಂಬ ಈ ಹಟದಲ್ಲೇ ಪ್ರತಿಯೋಗಿ ಕಳೆದುಹೋಗುತ್ತದೆ.

ಹೊರಗೆ ಹುಟ್ಟಿ ಒಳಗೆ ನುಗ್ಗುವ ಶಬ್ದಕ್ಕೆ ಬೇಕಾದುದು ತಡೆ, ಮತ್ತು ಇಲ್ಲಿ ವೈಶೇಷಿಕರಿಗಿಂತ ಜೈನರ ಮಾತಿಗೆ ಹೆಚ್ಚು ಬಲವಿದೆ. ಜೈನ ಸಿದ್ಧಾಂತದಲ್ಲಿ ಶಬ್ದವು ಆಕಾಶದ ಗುಣವಲ್ಲ, ಪುದ್ಗಲದ ಪರ್ಯಾಯ. ಪುದ್ಗಲವೆಂದರೆ ರೂಪ, ರಸ, ಗಂಧ, ಸ್ಪರ್ಶಗಳುಳ್ಳ ಜಡವಸ್ತು, ಪರ್ಯಾಯವೆಂದರೆ ಅದು ತಾಳುವ ಅವಸ್ಥೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ'ಯೆಂಬ ವ್ಯಾಖ್ಯೆಯನ್ನು ಬರೆದ, ಕನ್ನಡನಾಡಿನ ಪರಂಪರೆ ತನ್ನವನೆಂದೇ ಎಣಿಸುವ ಪೂಜ್ಯಪಾದನು, ವಾಕ್ಕು ಅಮೂರ್ತವೆಂಬ ಆಕ್ಷೇಪಕ್ಕೆ ಉತ್ತರವಾಗಿ ಕೊಡುವ ಕಾರಣಗಳು ಆಶ್ಚರ್ಯ ಹುಟ್ಟಿಸುವಷ್ಟು ನೆಲಕ್ಕೆ ಹತ್ತಿರದವು. ಮೂರ್ತವಾದ ಇಂದ್ರಿಯವು ಅದನ್ನು ಹಿಡಿಯುತ್ತದೆ, ಮೂರ್ತವಾದ ಗೋಡೆಯಂಥದು ಅದನ್ನು ತಡೆಯುತ್ತದೆ, ಎದುರು ಬಂದುದು ಅದಕ್ಕೆ ಪೆಟ್ಟು ಕೊಡುತ್ತದೆ, ಬಲವಾದ ಇನ್ನೊಂದು ಅದನ್ನು ಮುಳುಗಿಸಿಬಿಡುತ್ತದೆ. ಆದ್ದರಿಂದ ಅದೂ ಮೂರ್ತವೇ. ಗ್ರಹಣ, ಅವರೋಧ, ವ್ಯಾಘಾತ, ಅಭಿಭವ ಎಂಬ ಈ ನಾಲ್ಕರಲ್ಲಿ ಅವರೋಧ ಮತ್ತು ಅಭಿಭವಗಳನ್ನು ತಿಳಿದವನಿಗೆ ಶಬ್ದನಿರೋಧದ ಅರ್ಧ ಶಾಸ್ತ್ರ ತಿಳಿದಂತೆ.

ಅವರೋಧದ ನಿಯಮ ಕಠಿಣವಾದದ್ದು. ತಡೆಯಲ್ಲಿ ಜಾಣ್ಮೆಗೆ ಅಷ್ಟು ಎಡೆಯಿಲ್ಲ, ತೂಕವೇ ಮುಖ್ಯ: ತಡೆಗೋಡೆಯ ತೂಕವನ್ನು ಇಮ್ಮಡಿಗೊಳಿಸಿದರೆ ಅದನ್ನು ದಾಟಿಬರುವ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಡೆಸಿಬೆಲ್ ಎಂಬುದು ಸದ್ದಿನ ಮಟ್ಟವನ್ನು ಗುಣಾಕಾರದಲ್ಲಿ ಅಳೆಯುವ ಮಾನ. 10 ಡೆಸಿಬೆಲ್ ಇಳಿಯಿತೆಂದರೆ ಶಕ್ತಿ ಹತ್ತನೆಯ ಒಂದಂಶಕ್ಕೆ ಇಳಿಯಿತೆಂದು ಅರ್ಥವಾದರೂ ಕಿವಿಗೆ ಮಾತ್ರ ಸುಮಾರು ಅರ್ಧಕ್ಕಿಳಿದಂತೆ ಕೇಳುತ್ತದೆ. ಎಂದರೆ ತೂಕವನ್ನು ಎರಡರಷ್ಟು ಮಾಡಿದರೂ ಸದ್ದು ಅರ್ಧವಾಯಿತೆಂದು ಕಿವಿ ಒಪ್ಪುವುದಿಲ್ಲ. ನೆಲಕ್ಕೆ ಹಾಸುವ ಭಾರವಾದ ವಿನೈಲ್ ಹಾಸು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 5 ಕೆ.ಜಿ. ತೂಗುತ್ತದೆ, ಅದನ್ನು ನೆಲ, ಡಿಕ್ಕಿ, ಮುಂದಿನ ಎಂಜಿನ್ ಗೋಡೆಗಳಿಗೆಲ್ಲ ಹಾಸಿದರೆ ಒಬ್ಬ ಹುಡುಗನನ್ನು ಸದಾ ಕೂರಿಸಿಕೊಂಡು ಓಡಾಡಿದಂತೆ. ಇಷ್ಟು ಹಾಸಿದ ಮೇಲೂ ಬಾಗಿಲ ಬೀಡಿಂಗು ಸವೆದು ಸಂದು ಬಿಟ್ಟಿದ್ದರೆ ಎಲ್ಲ ವ್ಯರ್ಥ. ಗೋಡೆಯ ವಿಸ್ತೀರ್ಣದ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲನ್ನು ಸೀಸದಿಂದಲೇ ಕಟ್ಟಿದರೂ 20 ಡೆಸಿಬೆಲ್ಲಿಗಿಂತ ಹೆಚ್ಚಿನ ತಡೆ ದೊರೆಯದೆಂಬುದು ಲೆಕ್ಕ.

ಜೈನರು ಕರ್ಮದ ವಿಷಯದಲ್ಲಿ ಹೇಳುವುದೂ ಇದನ್ನೇ ಎಂಬುದು ಬರಿಯ ಕಾಕತಾಳೀಯವೆಂದು ತೋರುವುದಿಲ್ಲ, ಏಕೆಂದರೆ ಅವರ ದೃಷ್ಟಿಯಲ್ಲಿ ಕರ್ಮವೂ ಪುದ್ಗಲವೇ. ಮನಸ್ಸು, ಮಾತು, ಮೈಗಳ ಚಲನೆಯ ದಾರಿಯಿಂದ ಕರ್ಮವು ಜೀವದೊಳಕ್ಕೆ ಹರಿದುಬರುವುದು ಆಸ್ರವ. ಆ ದಾರಿಯನ್ನು ಮುಚ್ಚುವುದು ಸಂವರ. ಒಳಗೆ ಆಗಲೇ ಸೇರಿದ್ದನ್ನು ಕಳೆಯುವುದು ನಿರ್ಜರೆ. ತೂತುಬಿದ್ದ ದೋಣಿಯ ದೃಷ್ಟಾಂತವನ್ನು ಇದಕ್ಕೆ ಹೇಳುವ ವಾಡಿಕೆ ಹಳೆಯದು: ತೂತನ್ನು ಮುಚ್ಚದೆ ನೀರು ಮೊಗೆಯುವವನು ಮೊಗೆಯುತ್ತಲೇ ಇರಬೇಕು. ಒಡೆದ ಬೀಡಿಂಗನ್ನು ಬದಲಿಸದೆ ದುಬಾರಿ ಹಾಳೆಗಳನ್ನು ಅಂಟಿಸುವವನು ಈ ದೋಣಿಯವನ ಹತ್ತಿರದ ನೆಂಟ. ಸಂವರ ಮೊದಲು, ನಿರ್ಜರೆ ಆಮೇಲೆ ಎಂಬ ಕ್ರಮವು ಗ್ಯಾರೇಜಿನಲ್ಲಿಯೂ ತಪ್ಪುವಂತಿಲ್ಲ, ಮತ್ತು ಅಲ್ಲಿ ಸಂವರವೇ ಎಲ್ಲಕ್ಕಿಂತ ಅಗ್ಗ.

ಫೋಮು, ಹತ್ತಿ, ಸೆಣಬು, ಉಣ್ಣೆ ಮೊದಲಾದ ಹೀರುವ ವಸ್ತುಗಳ ವಿಚಾರವನ್ನು ಬೇಗ ಮುಗಿಸಬಹುದು. ಇವು ತಡೆಯುವುದಿಲ್ಲ, ಒಳಗೆ ಬಂದ ಸದ್ದು ಗೋಡೆಯಿಂದ ಗೋಡೆಗೆ ಪುಟಿಯದಂತೆ ತಮ್ಮ ರಂಧ್ರಗಳಲ್ಲಿ ಸವೆಸುತ್ತವೆ. ಚೆನ್ನಾಗಿ ಹೀರಬೇಕಾದರೆ ಅವುಗಳ ದಪ್ಪ ಅಲೆಯ ಉದ್ದದ ಕಾಲುಭಾಗಕ್ಕೆ ಸಮೀಪವಿರಬೇಕು. ಸೆಕೆಂಡಿಗೆ 1,000 ಕಂಪನಗಳ ಸದ್ದಿಗೆ ಆ ಕಾಲುಭಾಗ ಸುಮಾರು 8.5 ಸೆಂ.ಮೀ., 100 ಕಂಪನಗಳ ಮೊರೆತಕ್ಕೆ ಸುಮಾರು 85 ಸೆಂ.ಮೀ. ಅಷ್ಟು ದಪ್ಪ ಹಾಸಿದರೆ ಕೂರುವವರು ಕಾರಿನ ಹೊರಗೇ ಉಳಿಯಬೇಕಾಗುತ್ತದೆ. ಆದ್ದರಿಂದ ಬೆರಳುದಪ್ಪದ ಫೋಮು ಟೈರಿನ ತಗ್ಗು ಮೊರೆತವನ್ನು ನುಂಗುತ್ತದೆಂಬ ಮಾತನ್ನು ಯಾರು ಹೇಳಿದರೂ ನಂಬಬೇಕಾದುದಿಲ್ಲ. ಮಳೆನೀರು ಗಾಜಿನ ಸಂದಿಯಿಂದ ಇಳಿಯುವ ಬಾಗಿಲೊಳಗೆ ತೆರೆದ ರಂಧ್ರಗಳ ಫೋಮನ್ನು ಹಾಕುವುದಂತೂ ಒದ್ದೆ ಕಂಬಳಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಂತೆ; ಅಲ್ಲಿಗೆ ಮುಚ್ಚಿದ ರಂಧ್ರಗಳದ್ದೇ ಆಗಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಪೂಜ್ಯಪಾದನ ನಾಲ್ಕನೆಯ ಕಾರಣ ತನ್ನ ಕೆಲಸ ತೋರಿಸುತ್ತದೆ. ಅಭಿಭವವೆಂದರೆ ದೊಡ್ಡದು ಸಣ್ಣದನ್ನು ಮುಳುಗಿಸುವುದು, ಸೂರ್ಯನಿರುವಾಗ ನಕ್ಷತ್ರ ಕಾಣದಿರುವಂತೆ. ಟೈರಿನ ಮೊರೆತ ಇಳಿದ ಗಾಡಿಯಲ್ಲಿ ಅದುವರೆಗೆ ಯಾರೂ ಕೇಳಿರದ ಸದ್ದುಗಳು ಒಂದೊಂದಾಗಿ ತಲೆಯೆತ್ತುತ್ತವೆ: ಡ್ಯಾಶ್‌ಬೋರ್ಡಿನೊಳಗೆ ಎಲ್ಲೋ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಿಕ್ಕುವ ಕಿರುಗುಟ್ಟು, ಸೀಟುಬೆಲ್ಟಿನ ಕೊಕ್ಕೆ ಕಂಬಕ್ಕೆ ತಾಗುವ ಟಿಕಟಿಕ, ಎ-ಪಿಲ್ಲರಿನಲ್ಲಿ ವೈರು ನುಲಿಯುವುದು, ಇಂಧನ ಪಂಪಿನ ಗುಂಯ್ಗುಟ್ಟು. ಇವು ಮೊದಲೂ ಇದ್ದವು. ಮೊದಲು ಒಂದೇ ದೊಡ್ಡ ಸದ್ದಿನಿಂದ ಪೀಡಿತನಾಗಿದ್ದ ಒಡೆಯನು ಈಗ ಹತ್ತು ಸಣ್ಣ ಸದ್ದುಗಳನ್ನು ಬೆನ್ನಟ್ಟಿ ವಾರಕ್ಕೊಮ್ಮೆ ಅಂಗಡಿಗೆ ಬರುವುದು, ಪಕ್ಕದ ಸೀಟಿನಲ್ಲಿ ಕುಳಿತವರ ಕೈಯಲ್ಲಿ ಡ್ಯಾಶ್‌ಬೋರ್ಡನ್ನು ಅಲ್ಲಲ್ಲಿ ಒತ್ತಿಸಿ ಕಿವಿಗೊಡುವುದು ಈ ಕಸುಬಿನವರಿಗೆ ಪರಿಚಿತ ದೃಶ್ಯ. ನೈಯಾಯಿಕನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ಪ್ರತಿಯೋಗಿಯ ಅಭಾವ ಮತ್ತೊಂದು ಪ್ರತಿಯೋಗಿಯ ಅಭಾವವಲ್ಲ. ಗಡಿಗೆಯಿಲ್ಲದ ನೆಲದ ಮೇಲೆ ಬಟ್ಟೆಯಿರಬಾರದೆಂಬ ನಿಯಮವಿಲ್ಲ. ಎಲ್ಲ ಶಬ್ದಗಳ ಅಭಾವವನ್ನು ಒಂದೇ ಸಲಕ್ಕೆ ಬಯಸುವವನು ಎಣಿಸಲಾಗದಷ್ಟು ಪ್ರತಿಯೋಗಿಗಳನ್ನು ಬಯಸುತ್ತಿದ್ದಾನೆ, ಮತ್ತು ಪ್ರತಿಯೊಂದನ್ನು ಕಳೆದಾಗಲೂ ಮುಂದಿನದನ್ನು ತಾನೇ ಕರೆದು ಕೂರಿಸುತ್ತಾನೆ.

ವಸ್ತುವನ್ನು ಹೇರದೆಯೂ ಶಬ್ದವನ್ನು ಕಳೆಯುವ ಉಪಾಯವೊಂದಿದೆ. ಬಂದ ಅಲೆಗೆ ಸರಿಯಾಗಿ ತಲೆಕೆಳಗಾದ ಇನ್ನೊಂದು ಅಲೆಯನ್ನು ಹುಟ್ಟಿಸಿದರೆ ಎರಡೂ ಕೂಡಿ ಕಳೆದುಹೋಗುತ್ತವೆಂಬ ತತ್ತ್ವಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬವರು ಪಡೆದ ಅಮೆರಿಕದ ಪೇಟೆಂಟು 1936ರದು. ಇಂದು ಕೆಲವು ಕಾರುಗಳು ತಮ್ಮ ಸ್ಪೀಕರುಗಳ ಮೂಲಕವೇ ತಗ್ಗು ಮೊರೆತವನ್ನು ಹೀಗೆ ಕಳೆಯುತ್ತವೆ. ಶಬ್ದಪರಂಪರೆಯ ಕೊನೆಯ ಶಬ್ದ ಹೇಗೆ ನಾಶವಾಗುತ್ತದೆಂಬ ಪ್ರಶ್ನೆಗೆ ನ್ಯಾಯವೈಶೇಷಿಕ ಸಂಪ್ರದಾಯದಲ್ಲಿ ಬರುವ ಒಂದು ಉತ್ತರ ಇಲ್ಲಿ ನೆನಪಾಗದೆ ಇರದು: ಕೊನೆಯದೂ ಅದರ ಹಿಂದಿನದೂ ಸುಂದೋಪಸುಂದ ನ್ಯಾಯದಿಂದ ಒಂದನ್ನೊಂದು ಕೊಲ್ಲುತ್ತವೆ. ಮಹಾಭಾರತದ ಆದಿಪರ್ವದಲ್ಲಿ ತಿಲೋತ್ತಮೆಗಾಗಿ ಹೊಡೆದಾಡಿ ಇಬ್ಬರೂ ಸತ್ತ ಅಣ್ಣತಮ್ಮಂದಿರ ಹೆಸರಿದು. ಹಳಬರು ಹೇಳಿದ್ದು ಬೇರೆ ಪ್ರಕ್ರಿಯೆಯನ್ನೇ ಆದರೂ, ಎರಡು ಭಾವಗಳು, ಎಂದರೆ ಇರುವ ವಸ್ತುಗಳು, ಕೂಡಿ ಒಂದು ಅಭಾವವಾಗಬಲ್ಲವೆಂಬ ಕಲ್ಪನೆಗೆ ಅವರು ಹೆದರಲಿಲ್ಲ.

ಆದರೆ ಈ ಚರ್ಚೆಯ ನಿಜವಾದ ಗಂಟು ಇರುವುದು ಶಬ್ದವನ್ನು ಕಳೆಯುವುದರಲ್ಲಲ್ಲ, ಶಬ್ದವಿಲ್ಲವೆಂದು ತಿಳಿಯುವುದರಲ್ಲಿ. ಯಾವ ಇಂದ್ರಿಯವು ಒಂದು ವಸ್ತುವನ್ನು ಹಿಡಿಯುತ್ತದೆಯೋ ಆ ವಸ್ತುವಿನ ಅಭಾವವನ್ನು ಹಿಡಿಯುವುದೂ ಅದೇ ಇಂದ್ರಿಯ ಎಂಬುದು ನೈಯಾಯಿಕರ ಮತ. ಅವರ ಪ್ರಕಾರ ನಿಶ್ಶಬ್ದವು ಕಿವಿಯಿಂದಲೇ ತಿಳಿಯುತ್ತದೆ. ಕುಮಾರಿಲಭಟ್ಟನ ಅನುಯಾಯಿಗಳಾದ ಭಾಟ್ಟ ಮೀಮಾಂಸಕರೂ ಅವರ ಜಾಡಿನಲ್ಲಿ ಅದ್ವೈತಿಗಳೂ ಇದನ್ನು ಒಪ್ಪದೆ, ಇಲ್ಲದ್ದನ್ನು ತಿಳಿಸಲು ಅನುಪಲಬ್ಧಿಯೆಂಬ ಬೇರೆಯೇ ಪ್ರಮಾಣ ಬೇಕೆಂದರು. ಅನುಪಲಬ್ಧಿಯೆಂದರೆ ದೊರೆಯದಿರುವುದು, ತೋರದಿರುವುದು. ಮೀಮಾಂಸೆಯ ಇನ್ನೊಂದು ಪಂಥದವರಾದ ಪ್ರಾಭಾಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಭಾವವೆಂಬುದೇ ಇಲ್ಲ, ಇರುವುದು ಬರಿಯ ನೆಲವಷ್ಟೇ ಎಂದುಬಿಟ್ಟರು. ಈ ಜಗಳದ ನಡುವೆ ಅಭಾವವನ್ನು ಒಪ್ಪಿದ ಎರಡೂ ಪಕ್ಷಗಳು ಕೈಬಿಡದ ಷರತ್ತೊಂದಿದೆ: ತೋರದಿರುವಿಕೆಯು ಯೋಗ್ಯವಾಗಿರಬೇಕು. ಆ ವಸ್ತು ಅಲ್ಲಿ ಇದ್ದಿದ್ದರೆ ಖಂಡಿತ ತೋರುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ತೋರದಿದ್ದರೆ ಮಾತ್ರ ಅದು ಇಲ್ಲವೆಂದು ತೀರ್ಮಾನಿಸಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಗಡಿಗೆಯಿಲ್ಲವೆಂದು ಸಿದ್ಧವಾಗದು.

ಸದ್ದಡಗಿಸಿದ ಕಾರು ಕಿವಿಯ ಪಾಲಿಗೆ ಅಂಥ ಕತ್ತಲೆಯ ಕೋಣೆ. ಅದರೊಳಗೆ ಕುಳಿತವನಿಗೆ ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ನು ಕೇಳುವುದಿಲ್ಲ, ಎಡಗಡೆಯ ಬೈಕಿನವನು ಹಾಕಿದ ಬ್ರೇಕಿನ ಕಿರುಚು ಕೇಳುವುದಿಲ್ಲ, ಮಗ್ಗುಲಲ್ಲಿ ನಡೆದುಹೋಗುವವರ ಕೂಗು ಕೇಳುವುದಿಲ್ಲ. ಕೇಳದಿರುವುದನ್ನೇ ಅವನು ಇಲ್ಲದಿರುವುದೆಂದು ನಂಬಿ ಗಾಡಿ ತಿರುಗಿಸುತ್ತಾನೆ. ಅವನಿಗೆ ದೊರೆತಿರುವುದು ಅಯೋಗ್ಯವಾದ ಅನುಪಲಬ್ಧಿ, ಆದರೆ ಅವನು ಅದನ್ನು ಪ್ರಮಾಣವೆಂದೇ ತಿಳಿದಿದ್ದಾನೆ. ಶಬ್ದನಿರೋಧದ ನೈತಿಕ ತೊಡಕನ್ನು ಕರುಣೆ, ಸ್ವಾರ್ಥ ಮೊದಲಾದ ದೊಡ್ಡ ಮಾತುಗಳಲ್ಲಿ ಹೇಳುವುದು ವಾಡಿಕೆಯಾದರೂ, ಅದು ಮೂಲದಲ್ಲಿ ಜ್ಞಾನದ ದೋಷವೆಂದು ಹೇಳುವುದೇ ಹೆಚ್ಚು ಸರಿ. ತನ್ನ ಹಾರನ್ನಿನ ಸದ್ದು ತನಗೇ ಮೆತ್ತಗೆ ಕೇಳುವುದರಿಂದ ಅದು ಹೊರಗಿನವರಿಗೂ ಮೆತ್ತಗಿರಬೇಕೆಂದುಕೊಂಡು ಒಂದಕ್ಕೆರಡು ಸಲ ಒತ್ತುವವನದೂ ಇದೇ ದೋಷ. ಕೇಂದ್ರ ಸರ್ಕಾರದ 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದೂ, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40 ಎಂದೂ ಮಿತಿ ಹಾಕಿವೆ. ಅಲ್ಲಿ ಅಧಿಕರಣ ಬೀದಿ, ಇಲ್ಲಿ ಅಧಿಕರಣ ನಾಲ್ಕು ಸೀಟುಗಳ ಪೆಟ್ಟಿಗೆ. ಎರಡನ್ನೂ ನಿಶ್ಶಬ್ದವೆಂದೇ ಕರೆಯುವುದರಿಂದ ಬೀದಿಯ ಸದ್ದಿಗೆ ಪರಿಹಾರ ದೊರೆತಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಬೀದಿಯ ಶಬ್ದ ಒಂದು ಡೆಸಿಬೆಲ್ಲೂ ಇಳಿದಿರುವುದಿಲ್ಲ, ಅದರಿಂದ ಬಿಡುಗಡೆ ಕೊಂಡುಕೊಳ್ಳಬಲ್ಲವರು ಮಾತ್ರ ಅದರ ಬಗ್ಗೆ ದೂರುವುದನ್ನು ನಿಲ್ಲಿಸಿರುತ್ತಾರೆ.

ಹೀಗೆಂದಾಗ ಮೌನವೂ ಇದೇ ಬಗೆಯದಲ್ಲವೇ, ಗುಹೆಯನ್ನೋ ಮಠದ ಒಳಕೋಣೆಯನ್ನೋ ಹುಡುಕಿಕೊಂಡು ಹೋಗುವ ಸಾಧಕನೂ ಕಿವಿಗೆ ಗೋಡೆ ಕಟ್ಟಿಕೊಳ್ಳುವವನೇ ಅಲ್ಲವೇ ಎಂಬ ಆಕ್ಷೇಪ ಏಳುತ್ತದೆ. ಪ್ರತಿಯೋಗಿಯನ್ನೂ ಅಧಿಕರಣವನ್ನೂ ಮತ್ತೊಮ್ಮೆ ಕೇಳಿದರೆ ಉತ್ತರ ತಾನಾಗಿ ಸಿಗುತ್ತದೆ. ನಿಶ್ಶಬ್ದದ ಪ್ರತಿಯೋಗಿ ಹೊರಗಿನ ಶಬ್ದ, ಅಧಿಕರಣ ಒಂದು ಜಾಗ. ಮೌನದ ಪ್ರತಿಯೋಗಿ ತನ್ನದೇ ಮಾತು, ಅಧಿಕರಣ ತಾನೇ. ಜೈನರು ಸಂವರದ ಸಾಧನಗಳಲ್ಲಿ ಎಣಿಸುವ ವಚನಗುಪ್ತಿಯಲ್ಲಿ ಗುಪ್ತಿಯೆಂಬುದು ಕಾಯುವುದೆಂಬ ಅರ್ಥದ ಧಾತುವಿನಿಂದ ಬಂದ ಪದ. ಕಾಯಬೇಕಾದುದು ಒಳಗಿನಿಂದ ಹೊರಟುಹೋಗುವ ಮಾತನ್ನು, ಹೊರಗಿನಿಂದ ಬರುವ ಸದ್ದನ್ನಲ್ಲ. ಬ್ರಹ್ಮಸೂತ್ರ ಭಾಷ್ಯದಲ್ಲಿ ಶಂಕರರು ಉಲ್ಲೇಖಿಸುವ ಪ್ರಸಂಗದಲ್ಲಿ ಬಾಷ್ಕಲಿಯೆಂಬ ಶಿಷ್ಯನು ಬ್ರಹ್ಮವನ್ನು ಕುರಿತು ಮತ್ತೆ ಮತ್ತೆ ಕೇಳಿದಾಗ ಗುರು ಸುಮ್ಮನಿರುತ್ತಾನೆ, ಕಡೆಗೆ ತಾನು ಹೇಳುತ್ತಲೇ ಇದ್ದೇನೆ, ತಿಳಿಯದಿರುವುದು ಶಿಷ್ಯನಿಗೆ ಎನ್ನುತ್ತಾನೆ. ಆ ಸುಮ್ಮನಿರುವಿಕೆಗೆ ಕಿವಿ ತೆರೆದ ಶಿಷ್ಯನೊಬ್ಬ ಎದುರಿಗೆ ಬೇಕಾಗಿತ್ತು. ಇಂಥ ಮೌನಕ್ಕೆ ಕಿವಿ ಮುಚ್ಚಬೇಕಾಗಿಯೂ ಇಲ್ಲ: ಶ್ರವಣಬೆಳಗೊಳದಲ್ಲಿ ಸುಮಾರು 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟನ ಮೇಲೆ ಚಾವಣಿಯಿಲ್ಲ. ತೊಡೆ ತೋಳುಗಳಿಗೆ ಬಳ್ಳಿ ಹಬ್ಬಿದೆ, ಕಾಲ ಬಳಿ ಹುತ್ತದಿಂದ ಹಾವು ಹೊರಬಂದಿದೆ, ಗಾಳಿ ಮಳೆಗಳ ಸದ್ದೆಲ್ಲ ಆ ನೀಳ ಕಿವಿಗಳ ಮೇಲೇ ಹಾದುಹೋಗುತ್ತದೆ.

ಜಾಗದ ನಿಶ್ಶಬ್ದವನ್ನು ಅದರ ತುದಿಯವರೆಗೆ ಒಯ್ದು ನೋಡಿದವರೂ ಇದ್ದಾರೆ. ಗೋಡೆ, ನೆಲ, ಚಾವಣಿಗಳಿಗೆಲ್ಲ ಹೀರುವ ವಸ್ತುವಿನ ಉದ್ದುದ್ದ ಬೆಣೆಗಳನ್ನು ಕೂರಿಸಿ ಪ್ರತಿಧ್ವನಿಯನ್ನೇ ಇಲ್ಲವಾಗಿಸಿದ ಹಾರ್ವರ್ಡ್ ವಿಶ್ವವಿದ್ಯಾಲಯದ ಕೋಣೆಯೊಂದನ್ನು ಅಮೆರಿಕದ ಸಂಗೀತಕಾರ ಜಾನ್ ಕೇಜ್ 1950ರ ದಶಕದ ಆರಂಭದ ಸುಮಾರಿಗೆ ಹೊಕ್ಕಾಗ, ಒಂದು ಏರುಸದ್ದೂ ಒಂದು ತಗ್ಗುಸದ್ದೂ ತನಗೆ ಕೇಳಿದುವೆಂದೂ ಏರುಸದ್ದು ನರಮಂಡಲದ್ದು, ತಗ್ಗಿನದು ರಕ್ತದ ಹರಿವಿನದೆಂದು ಅಲ್ಲಿನ ಎಂಜಿನಿಯರು ವಿವರಿಸಿದನೆಂದೂ ಬರೆದನು. ನರಗಳ ಸದ್ದೆಂಬ ವಿವರಣೆ ಅಷ್ಟು ನಂಬತಕ್ಕದ್ದಲ್ಲ. ಆದರೆ ಹೊರಗಿನ ಅಭಿಭವವೆಲ್ಲ ತೊಲಗಿದ ಮೇಲೆ ಕೇಳುವವನ ಮೈಯೇ ಪ್ರತಿಯೋಗಿಯಾಗಿ ನಿಂತಿತೆಂಬುದರಲ್ಲಿ ಸಂಶಯವಿಲ್ಲ. ಅದಕ್ಕೆ ಅಂಟಿಸುವ ಹಾಳೆ ಯಾವ ಅಂಗಡಿಯಲ್ಲೂ ಸಿಗದು.

ಸಿಗುವ ಹಾಳೆಗಳನ್ನಷ್ಟೇ ನೆಚ್ಚಿದ ಬೀದಿಬದಿಯ ಕೆಲಸಗಾರನಾದರೋ ಡೋರ್ ಪ್ಯಾಡನ್ನು ತಿರುಗಿ ಕೂರಿಸುವ ಮುನ್ನ ಒಂದು ಕೆಲಸವನ್ನು ಮರೆಯುವುದಿಲ್ಲ. ಪ್ರತಿ ಬಾಗಿಲಿನ ತಳದಂಚಿನಲ್ಲಿ, ಗಾಜಿನ ಸಂದಿಯಿಂದ ಇಳಿದ ಮಳೆನೀರು ಹೊರಗೆ ಹರಿಯಲೆಂದು ಬಿಟ್ಟ ಒಂದೆರಡು ತೂತುಗಳಿರುತ್ತವೆ. ಅವು ಮುಚ್ಚಿದರೆ ನೀರು ಒಳಗೇ ನಿಂತು ಒಂದೆರಡು ಮಳೆಗಾಲದಲ್ಲಿ ತಗಡು ತುಕ್ಕು ಹಿಡಿಯುತ್ತದೆ. ತುದಿಬೆರಳಿನಿಂದ ತಡಕಿ, ಅವುಗಳ ಮೇಲೆ ಚಾಚಿಕೊಂಡ ಹಾಳೆಯನ್ನು ಬ್ಲೇಡಿನಲ್ಲಿ ಕೊಯ್ದು, ಒಂದು ಲೋಟ ನೀರು ಹೊಯ್ದು ಅದು ಕೆಳಗೆ ತೊಟ್ಟಿಕ್ಕುವುದನ್ನು ನೋಡಿದ ಮೇಲೆಯೇ ಅವನು ಕ್ಲಿಪ್ಪುಗಳನ್ನು ಒತ್ತುತ್ತಾನೆ. ಬೀದಿಯ ಸದ್ದು ಬಾಗಿಲೊಳಗೆ ಬರಲು ಆ ತೂತುಗಳು ಸಾಕು.